ಬಾಗಿಲ ಮೇಲಿನ ಸೊಳ್ಳೆ

ತಂದು ಹಾಕಿಸಿದ್ದು ನಾನೇ. ಸುಳ್ಳು ಹೇಳಿ ಏನಾಗಬೇಕು?
ಮುಷ್ಟಿಗಾತ್ರದ ಕರಿ ಡಬ್ಬಿ, ನಾಲ್ಕು ಮೊಳೆ,
ಅಂಗಡಿಯ ಹೆಸರಿಗೂ ಮಳೆನೀರ ಕೊಳವೆಗೂ ನಡುವೆ.
ಮಾರಿದವನು ಅದನ್ನು ಸೊಳ್ಳೆ ಅಂತ ಕರೆದು ಕಣ್ಣು ಮಿಟುಕಿಸಿದ:
'ಇಪ್ಪತ್ತೈದರ ಒಳಗಿನವರಿಗಷ್ಟೇ ಕೇಳುವ ಶಬ್ದ, ಎಮ್ಲಿನ್.
ನಿನಗೆ ನೆಮ್ಮದಿ, ಅವರಿಗೆ ತಲೆನೋವು.'
ಗುಂಡಿ ಒತ್ತಿದ. ನನಗೇನೂ ಕೇಳಲಿಲ್ಲ.
ಕೇಳದ್ದಕ್ಕೇ ದುಡ್ಡು ಕೊಟ್ಟೆ.

ನೀವು ನಮ್ಮೂರು ನೋಡಿಲ್ಲ. ವೇಲ್ಸಿನ ಒಂದು ಕಣಿವೆ.
ಮುಚ್ಚಿದ ಗಣಿ, ಮುಚ್ಚಿದ ಈಜುಕೊಳ,
ಹುಡುಗರ ಕ್ಲಬ್ಬಿನ ಬಾಗಿಲಿಗೆ ಹಲಗೆ ಹೊಡೆದು ಆರು ವರ್ಷ.
ಸಂಜೆ ಐದರ ಮೇಲೆ ದೀಪ ಉರಿಯುವುದು
ನನ್ನ ಅಂಗಡಿ ಮುಂದೆ ಮಾತ್ರ.
ಬರುತ್ತಿದ್ದರು, ದೀಪದ ಹುಳಗಳ ಹಾಗೆ.
ಮುಸುಕು ಟೋಪಿ, ಜೇಬಲ್ಲಿ ಕೈ, ಕೈಯಲ್ಲಿ ಏನಿತ್ತೋ.
ಉಪ್ಪು ಹತ್ತಿದ ಚಿಪ್ಸ್ ಎಂದು ಈಗ ಹೇಳಬಲ್ಲೆ;
ಆಗ ಚಾಕು ಎಂದಿದ್ದೆ.
ಪಿಂಚಣಿಗೆ ಬರುವ ಮಿಸೆಸ್ ಪ್ರೋಸರ್
ಚೀಲವನ್ನು ಎದೆಗವಚಿಕೊಂಡು ಗೋಡೆಗುಂಟ ನಡೆಯುತ್ತಿದ್ದಳು,
ತುಂಬಿದ ಹೊಳೆ ದಾಟುವವಳಂತೆ.

ಅವರೂ ಕಡಿಮೆಯೇನಲ್ಲ.
ಚಿಲ್ಲರೆ ಎಣಿಸುವ ನನ್ನ ಬೆರಳುಗಳನ್ನು
ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ತೋರಿಸಿದ್ದರು:
'ಮುದುಕನ ಒಂದು ಪೌಂಡು, ನಿಧಾನಗತಿಯಲ್ಲಿ.'
ನಿಧಾನ ಮಾಡುವ ಅಗತ್ಯವೇನಿತ್ತು, ಎಂದು ಕೆಳಗೆ ಯಾರೋ ಬರೆದಿದ್ದರು.
ನೆಸ್ಟಾ ನಕ್ಕುಬಿಟ್ಟಳು. ನೆಸ್ಟಾ ನನ್ನ ಹೆಂಡತಿ.
ಉರಿದದ್ದು ಅದಕ್ಕೇ ಹೆಚ್ಚು.

ಸೊಳ್ಳೆ ಕೆಲಸ ಮಾಡಿತು. ಮೂರೇ ದಿನಕ್ಕೆ ಮೆಟ್ಟಿಲು ಖಾಲಿ.
ಗುಡಿಸಿದೆ. ಗುಡಿಸಲು ಏನೂ ಇರಲಿಲ್ಲ.

ಎರಡನೆಯ ಗುರುವಾರ
ಅಂಚೆ ಕಿಟಕಿಯ ಸಾಲು ಬಾಗಿಲಾಚೆಗೂ ಬೆಳೆದಿತ್ತು.
ಮಿಸೆಸ್ ಪ್ರೋಸರಳ ತಳ್ಳುಗಾಡಿಯಲ್ಲಿ ಮೊಮ್ಮಗಳು,
ಏಳು ತಿಂಗಳ ಟೇಗನ್, ಕಿರುಚಿ ನೀಲಿಗಟ್ಟಿದ್ದಳು.
ಹಸಿವೆ ಅಂದರು. ಹಲ್ಲು ಅಂದರು. ಹೊಟ್ಟೆನುಲಿ ಅಂದರು.
ಅರವತ್ತು ದಾಟಿದ ಒಂಬತ್ತು ಜನ,
ಮಕ್ಕಳನ್ನು ಸಾಕಿ ಸುಸ್ತಾದವರು,
ಒಬ್ಬೊಬ್ಬರಿಗೂ ಒಂದೊಂದು ಮದ್ದು ಗೊತ್ತು.

ಎದುರಿನ ಬಸ್ ನಿಲ್ದಾಣದಿಂದ
ರಸ್ತೆ ದಾಟಿ ಬಂದಳು ಲೌರಿ,
ಹುಬ್ಬಿಗೆ ರಿಂಗು, ಅರ್ಧ ತಲೆ ಬೋಳು.
ಸಾಲು ತನ್ನ ಚೀಲಗಳನ್ನು ಬಿಗಿಯಾಗಿ ಹಿಡಿಯಿತು.
ಅವಳು ನಮ್ಮನ್ನು ನೋಡಲಿಲ್ಲ. ಬಾಗಿದಳು.
ಎರಡೂ ಅಂಗೈಯಿಂದ ಮಗುವಿನ ಎರಡೂ ಕಿವಿ ಮುಚ್ಚಿದಳು.

ಅಳು ನಿಂತಿತು.

'ಇದಕ್ಕೂ ಕೇಳುತ್ತೆ ಕಣ್ರೀ,' ಅಂದಳು,
'ಕೇಳದೆ ಇರೋದು ನಿಮಗಷ್ಟೇ.'
ಅವಳ ಕಣ್ಣಲ್ಲಿ ನೀರು. ಕರುಣೆ ಅಂದುಕೊಂಡೆ.
ಅಲ್ಲ, ನೋವು:
ತನ್ನ ಕಿವಿ ಮುಚ್ಚಿಕೊಳ್ಳಲು
ಅವಳಿಗೆ ಕೈ ಉಳಿದಿರಲಿಲ್ಲ.

ಆವತ್ತೇ ಕಿತ್ತೆಸೆದೆ ಎಂದರೆ ಕೇಳಲು ಚೆನ್ನ.
ಹನ್ನೊಂದು ದಿನ ಹಿಡಿಯಿತು;
ಏಣಿಯಿಲ್ಲ ಎಂಬ ನೆಪ, ಮಳೆಯ ನೆಪ,
ಹುಡುಗಿಯೊಬ್ಬಳು ಸರಿ ಎಂದು ಒಪ್ಪುವುದಕ್ಕೆ
ನನ್ನ ವಯಸ್ಸಿನಲ್ಲಿ ಮೊಣಕಾಲು ನೋಯುತ್ತದೆ.

ಈಗ ಮತ್ತೆ ಬರುತ್ತಾರೆ. ಮತ್ತೆ ಗಲಾಟೆ.
ನನ್ನ ಕೆಮ್ಮನ್ನು ಥೇಟು ನನ್ನ ಹಾಗೇ ಕೆಮ್ಮುವವನೊಬ್ಬನಿದ್ದಾನೆ.
ಲೌರಿ ನನ್ನೊಡನೆ ಮಾತಾಡುವುದಿಲ್ಲ.
ಚೂಯಿಂಗ್ ಗಮ್ಮಿಗೆ ನೋಟು ಕೊಡುತ್ತಾಳೆ,
ನಾನು ಚಿಲ್ಲರೆ ಎಣಿಸುವಷ್ಟು ಹೊತ್ತೂ
ಬೀದಿಯ ಕಡೆ ನೋಡುತ್ತಾ ನಿಲ್ಲುತ್ತಾಳೆ.

ಡಬ್ಬಿ ಗಲ್ಲಾಪೆಟ್ಟಿಗೆಯ ಕೆಳಗಿದೆ.
ನಿನ್ನೆ ರಾತ್ರಿ ಬಾಗಿಲೆಳೆದು, ತಂತಿ ಸಿಕ್ಕಿಸಿ,
ಕಿವಿಗೆ ಒತ್ತಿಕೊಂಡು ಕೂತೆ, ತುಂಬಾ ಹೊತ್ತು.
ಎರಡು ಮನೆಯಾಚೆ ನಾಯಿ ಬೊಗಳತೊಡಗಿತು.
ಆರಿಸಿದೆ.
ಊಟಕ್ಕೆ ಬಾ ಅಂತ ನೆಸ್ಟಾ ಮಹಡಿಯಿಂದ
ಮೂರು ಸಲ ಕೂಗಿದ್ದಳಂತೆ.